ಊದುವ ಕೋಣೆ

ಎಕ್ಸ್‌ರೇ ದಾಟಿ, ಮೆಟ್ಟಿಲಡಿ, ಕೋಣೆ ನಂಬರ್ ಹದಿನಾಲ್ಕು.
ನನ್ನ ಕೆಲಸ ಅಲ್ಲಿ ಕೂಗುವುದು.
ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು
ಎಳೀರಿ, ಎಳೀರಿ, ತುಂಬ ಎಳೀರಿ,
ಈಗ ಊದಿ, ಊದಿ, ನಿಲ್ಲಿಸಬೇಡಿ,
ಇನ್ನೂ ಇದೆ, ಇನ್ನೂ ಇದೆ, ಊದಿ!
ಹೊರಗೆ ಬೆಂಚಿನ ಮೇಲೆ ಕೂತವರು
ಒಳಗೆ ಯಾರಿಗೋ ಹೆರಿಗೆ ಎಂದುಕೊಳ್ಳುತ್ತಾರೆ.

ಹನ್ನೊಂದು ವರ್ಷದಿಂದ ಕಾರವಾರದ ಉಸಿರನ್ನು
ಕಾಗದದ ಮೇಲೆ ನೋಡಿದ್ದೇನೆ.
ಚೆನ್ನಾಗಿದ್ದರೆ ಅದೊಂದು ಗುಡ್ಡ:
ಥಟ್ಟನೆ ಏರಿ, ನೆಟ್ಟಗೆ ಕಡಲಿಗಿಳಿಯುವ ಗುಡ್ಡ.
ಕೆಟ್ಟಿದ್ದರೆ ಇಳಿಜಾರು ಒಳಗೆ ಕುಸಿದಿರುತ್ತದೆ,
ಯಾರೋ ಚಮಚದಿಂದ ಕೆರೆದು ತಿಂದ ಹಾಗೆ.
ಪಾವ್ ಭಟ್ಟಿಯ ಇನಾಸನದು ಹಾಗೇ ಇತ್ತು,
ಗೇರುಸಿಪ್ಪೆ ಉರಿಸಿ ಅನ್ನ ಬೇಯಿಸಿದ ದೇವಮ್ಮನದೂ.
ಗಾಳಿ ಸಾಲದು ಅನ್ನುತ್ತಾರೆ ಎಲ್ಲರೂ.
ಅಲ್ಲ, ಹಳೆಯದು ಹೊರಗೆ ಹೋಗುತ್ತಿಲ್ಲ.
ಹೊಸದಕ್ಕೆ ಜಾಗವೆಲ್ಲಿ?

ಮೊನ್ನೆ ಬಂದವನು ಬೈತಕೋಲದ ಖೇಮು ತಾಂಡೇಲ,
ಅರವತ್ತೇಳು. ಹರೆಯದಲ್ಲಿ ಕೂರ್ಮಗಡದ ಬಂಡೆಬುಡಕ್ಕೆ ಮುಳುಗಿ
ನೀಲಿಕಲ್ಲು ಕೀಳುತ್ತಿದ್ದವನು.
ಸೊಂಟಕ್ಕೆ ಚೀಲ, ಕೈಯಲ್ಲೊಂದು ಚಾಣ,
ಬೇರೆ ಏನೂ ಇಲ್ಲ.

ಎಳೀರಿ ಅಂದೆ. ಎಳೆದ.
ಊದಿ ಅಂದೆ. ಊದಲಿಲ್ಲ.
ಕಣ್ಣು ಮುಚ್ಚಿದ್ದ. ಗೋಡೆ ಗಡಿಯಾರದಲ್ಲಿ ಹತ್ತು ಸೆಕೆಂಡು,
ಹದಿನೈದು. ಬಲಗೈ ಮೆಲ್ಲಗೆ
ಮೇಜಿನ ಅಂಚಿನ ಕೆಳಗೆ ತಡವಿತು
ಅಲ್ಲೇನೋ ಅಂಟಿಕೊಂಡಿದೆ ಎಂಬಂತೆ.
ಖೇಮಣ್ಣ, ಬಿಡಿ!
ಬಿಟ್ಟ. ಕೆಮ್ಮಿದ. ಕೆಮ್ಮು ಮುಗಿದ ಮೇಲೆ ನಕ್ಕ.
"ಹಿಡಿಯೂದು ಒಂದೇ ಗೊತ್ತು ಬಾಯೀ.
ಬಿಡೂದು ಮೇಲೆ ಬಂದ್ಮೇಲೆ ತಾನಾಗೇ ಆಗ್ತಿತ್ತು,
ಅದಕ್ಕೆ ಯಾರೂ ಕೂಗೂದು ಬೇಕಾಗಿರ್ಲಿಲ್ಲ."

ಕೆಳಗೆ ಎಷ್ಟು ಹೊತ್ತು ಇರ್ತಿದ್ರಿ?
"ಗಡಿಯಾರ ಎಲ್ಲಿತ್ತು! ಕಿವಿಯೊಳಗೆ ಗಂಟೆ ಹೊಡೆದ್ರೆ
ಮೇಲೆ ಬರಬೇಕು, ಅಷ್ಟೇ.
ಗಂಟೆ ಹೊಡೆದ್ಮೇಲೂ ಇನ್ನೊಂದು ಹಿಡಿ ಕೀಳ್ತೆ ಅಂದವ
ನನ್ನ ತಮ್ಮ."

ನಾನು ಕ್ಲಿಪ್ಪು ಸರಿಮಾಡಿದೆ.
ಮತ್ತೆರಡು ಸಲ ಊದಿದ. ನೂರಕ್ಕೆ ನಲವತ್ತೊಂದು.
ಲೆಕ್ಕಕ್ಕೆ ಬರುವಂಥ ಊದು ಒಂದೂ ಇರಲಿಲ್ಲ.
ನಾಳೆ ಬನ್ನಿ ಅಂದೆ, ಬೀಡಿ ಸೇದದೆ.

ಸಂಜೆ ಸದಾಶಿವಗಡದ ಬಸ್ಸು.
ಹಳೆ ಸೇತುವೆ ಬಿದ್ದ ರಾತ್ರಿಯ ನಂತರ
ಕಾಳಿ ಹೊಳೆಯ ಮೇಲೆ ಬಂದಾಗ
ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ.
ಮೀನಿನ ಬುಟ್ಟಿಯವರೂ ಸುಮ್ಮನೆ.
ಆಚೆ ದಡ ಸಿಕ್ಕಿತು. ಎಲ್ಲರೂ ಮಾತಿಗೆ ಮರಳಿದರು.
ನನ್ನ ಎದೆ ಮಾತ್ರ ಇನ್ನೂ ಬಿಗಿಯಾಗಿತ್ತು.

ಯಾವಾಗಿನಿಂದ?
ಕರೆಂಟ್ ಬಿಲ್ಲು ಬಿಡಿಸುವಾಗ ಹೀಗೆಯೇ.
ಮಗನ ಜ್ವರಕ್ಕೆ ಥರ್ಮಾಮೀಟರ್ ಇಟ್ಟಾಗ.
ರಾತ್ರಿ ಹೊರಬಾಗಿಲ ಚಿಲಕ ಸದ್ದಾದಾಗ,
ಅವರ ಚಪ್ಪಲಿಯ ಸದ್ದಿನಲ್ಲಿ ಈವತ್ತಿನ ಸಿಟ್ಟು ಎಷ್ಟೆಂದು
ಅಳೆಯುವಾಗ.
ಮದುವೆಯಾಗಿ ಬಂದ ವಾರ ಅತ್ತೆ ಹೇಳಿದ್ದಳು:
ಗಂಡಸರು ಮಾತಾಡೂವಾಗ ಉಸಿರೆತ್ತಬೇಡ.
ಅದು ಬರೀ ಆಡುಮಾತು ಅಂದುಕೊಂಡಿದ್ದೆ.
ಮೈ ಅಕ್ಷರಕ್ಕೆ ಅಕ್ಷರ ಕೇಳಿಸಿಕೊಂಡಿತ್ತು.

ಮರುದಿನ ಬೇಗ ಬಂದು ಕಸ ಗುಡಿಸುವ ಮೊದಲೇ
ಬಾಗಿಲು ಓರೆಮಾಡಿ, ನನ್ನ ಮೂಗಿಗೇ ಕ್ಲಿಪ್ಪು ಹಾಕಿಕೊಂಡೆ.
ಎಳೆದೆ. ಊದಿದೆ.
ಎರಡು ಸೆಕೆಂಡಿಗೆ ನಿಂತಿತು. ಮುಗಿಯಿತು ಅನ್ನಿಸಿತು.
ಕೂಗುವವರು ಯಾರೂ ಇಲ್ಲದಿದ್ದರೆ
ಎಲ್ಲರಿಗೂ ಅಲ್ಲೇ ಮುಗಿಯುತ್ತದೆ.

ಬಾಗಿಲ ಸಂದಿಯಿಂದ ಒಡಕು ದನಿ:
"ಅಷ್ಟೇ ಎಂತದು ಬಾಯೀ? ಊದು! ಇನ್ನೂ ಇದೆ!"
ಯಾವಾಗ ಬಂದು ಬೆಂಚಿಗೆ ಕೂತಿದ್ದನೋ.
ನಗು ಬಂದು ಊದು ಕೆಟ್ಟಿತು,
ಕೊಳವೆ ಜಾರಿತು,
ಎದೆಯ ತಳದಿಂದ ಏನೋ ಬಹಳ ಹಳೆಯದು
ಸದ್ದು ಮಾಡುತ್ತ ಹೊರಗೆ ಹೋಯಿತು.
ಯಂತ್ರ ಅದನ್ನು ಬರೆದುಕೊಳ್ಳಲಿಲ್ಲ.

ಹೊಸ ಕೊಳವೆ ಹಾಕಿದೆ.
ಬನ್ನಿ ಒಳಗೆ, ಅಂದೆ. ಬೀಡಿ ಸೇದಿದ್ರಾ?